ಹೊಂದಿಕೊಳ್ಳಿ ಅನ್ನುವ ಮೊದಲು ನೀರನ್ನೂ ನೋಡಿ

‘ಮಾರ್ಕೆಟ್ ಬದಲಾಗಿದೆ, ನೀವೂ ಬದಲಾಗಿ. ಹೊಂದಿಕೊಂಡವರು ಉಳೀತಾರೆ, ಇಲ್ಲದವರು ಹೊರಗುಳೀತಾರೆ.’ ಬಿಇ ಐದನೇ ಸೆಮಿಸ್ಟರ್‌ಗೆ ಕಾಲಿಟ್ಟ ಮೇಲೆ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪ್ಲೇಸ್‌ಮೆಂಟ್ ತರಬೇತಿಗೆ ಬರುವವರು ಹೇಳುತ್ತಾರೆ, ಯೂಟ್ಯೂಬಿನವರು ಹೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತ ದೊಡ್ಡಪ್ಪನೂ ಹೇಳುತ್ತಾರೆ. ಮಾತಿಗೆ ಸಾಕ್ಷಿಯಾಗಿ ಯಾವಾಗಲೂ ಒಂದು ಪ್ರಾಣಿ ಬೇಕು. ಕೊಕ್ಕು ಕಿತ್ತುಕೊಂಡು ಮರುಜನ್ಮ ಪಡೆಯುವ ಹದ್ದು, ಬಿಸಿನೀರಿನ ಪಾತ್ರೆಯಲ್ಲಿ ಕೂತೇ ಸಾಯುವ ಕಪ್ಪೆ, ಬಣ್ಣ ಬದಲಿಸುವ ಗೋಸುಂಬೆ. ಹದ್ದಿನ ಕಥೆಯೂ ಕಪ್ಪೆಯ ಕಥೆಯೂ ಜೀವಶಾಸ್ತ್ರದ ಪ್ರಕಾರ ಸುಳ್ಳು ಎನ್ನುವುದು ಬೇರೆ ಮಾತು. ಸ್ಲೈಡ್‌ನಲ್ಲಿ ಚೆನ್ನಾಗಿ ಕಾಣುತ್ತವೆ, ಅಷ್ಟು ಸಾಕು.

ನನಗೆ ಗೊತ್ತಿರುವ ಒಂದು ಪ್ರಾಣಿ ಇದೆ. ಹೊಂದಿಕೊಳ್ಳುವುದರಲ್ಲಿ ಅದನ್ನು ಮೀರಿಸುವ ಮೀನು ಸಿಗುವುದು ಕಷ್ಟ. ಆದರೂ ಅದನ್ನು ಯಾರೂ ಸ್ಲೈಡ್‌ಗೆ ಹಾಕುವುದಿಲ್ಲ. ಹಾಕಿದರೆ ಭಾಷಣ ಉಲ್ಟಾ ಹೊಡೆಯುತ್ತದೆ.

ಅದರ ಹೆಸರು ಆಲ್ಕೊಲಾಪಿಯಾ. ಪೂರ್ವ ಆಫ್ರಿಕಾದ ಸಿಕ್ಲಿಡ್ ಮೀನುಗಳ ಒಂದು ಪುಟ್ಟ ಕುಲ. ಸಿಕ್ಲಿಡ್ ಕುಟುಂಬ ಬಹಳ ದೊಡ್ಡದು. ಮಲಾವಿ, ವಿಕ್ಟೋರಿಯಾದಂಥ ಒಂದೊಂದೇ ಸರೋವರದಲ್ಲಿ ಅದರ ನೂರಾರು ಪ್ರಭೇದಗಳಿವೆ. ಕೇರಳದವರು ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸುವ ಕರಿಮೀನು ಸಿಕ್ಲಿಡ್. ನಮ್ಮಲ್ಲಿ ಅನೇಕರು ಜಿಲೇಬಿ ಮೀನು ಎಂದು ಕರೆಯುವ, ಕೆರೆಗಳಲ್ಲಿ ಬೇಡವೆಂದರೂ ಹೆಚ್ಚುವ ಟಿಲಾಪಿಯಾ ಕೂಡ ಸಿಕ್ಲಿಡ್. 1950ರ ದಶಕದಲ್ಲಿ ಆಫ್ರಿಕಾ ಮೂಲದಿಂದ ಭಾರತಕ್ಕೆ ಬಂದದ್ದು. ಆಲ್ಕೊಲಾಪಿಯಾ ಈ ಟಿಲಾಪಿಯಾದ ಹತ್ತಿರದ ನೆಂಟ. ಎಷ್ಟು ಹತ್ತಿರವೆಂದರೆ, ಇತ್ತೀಚಿನ ಡಿಎನ್‌ಎ ಅಧ್ಯಯನಗಳಲ್ಲಿ ಇದು ಟಿಲಾಪಿಯಾಗಳ ಕವಲಿನ ಒಳಗೇ ಕೂರುತ್ತದೆ. ಕುಲದಲ್ಲಿ ಇರುವುದು ನಾಲ್ಕೇ ಪ್ರಭೇದ. ಒಂದು ಕೆನ್ಯಾದ ಮಗಾಡಿ ಸರೋವರದ್ದು, ಉಳಿದ ಮೂರು ಗಡಿಯಾಚೆ ತಾಂಜಾನಿಯಾದ ನೇಟ್ರಾನ್ ಸರೋವರದವು. ಹೆಚ್ಚಿನವು ಬೆರಳುದ್ದದಿಂದ ಅಂಗೈಯುದ್ದ. ನೋಡಲು ಅಂಥ ವಿಶೇಷವೇನೂ ಇಲ್ಲ.

ವಿಶೇಷ ಇರುವುದು ನೀರಿನಲ್ಲಿ. ಮಗಾಡಿ (ನಮ್ಮ ಕೆಂಪೇಗೌಡರ ಮಾಗಡಿ ಅಲ್ಲ, ಹೆಸರು ಕೇಳಿದಾಗ ನಾನೂ ಒಮ್ಮೆ ಕಿವಿ ನಿಮಿರಿಸಿದ್ದೆ) ನೈರೋಬಿಯಿಂದ ನೈಋತ್ಯಕ್ಕೆ ನೂರು ಕಿಲೋಮೀಟರ್ ಆಸುಪಾಸಿನಲ್ಲಿ, ರಿಫ್ಟ್ ಕಣಿವೆಯ ತಳದಲ್ಲಿದೆ. ಸುತ್ತ ಜ್ವಾಲಾಮುಖಿಯ ಬಂಡೆಗಳು. ಅವುಗಳಿಂದ ಕರಗಿ ಬರುವ ಸೋಡಿಯಂ, ಕಾರ್ಬೊನೇಟ್‌ಗಳನ್ನು ಬಿಸಿನೀರಿನ ಬುಗ್ಗೆಗಳು ಹೊತ್ತು ತರುತ್ತವೆ. ಬಂದ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ, ಕೋಡಿಯಿಲ್ಲದ ಕೆರೆ. ಬಿಸಿಲಿಗೆ ನೀರು ಆವಿಯಾಗುತ್ತದೆ, ಸೋಡಾ ಉಳಿಯುತ್ತದೆ. ಸಾವಿರಾರು ವರ್ಷ ಇದೇ ನಡೆದು ಸರೋವರದ ಬಹುಭಾಗ ಈಗ ನೀರಲ್ಲ, ಟ್ರೋನಾ ಎಂಬ ಬಿಳಿ ಸೋಡಾ ಗಟ್ಟಿ. ಅದರ ದಪ್ಪ ಹತ್ತಾರು ಮೀಟರ್. ನೇಟ್ರಾನ್‌ನ ದಕ್ಷಿಣಕ್ಕಿರುವ ಓಲ್ ದೊಯಿನ್ಯೊ ಲೆಂಗಾಯ್ ಜ್ವಾಲಾಮುಖಿಯಂತೂ ಸೋಡಾ ತುಂಬಿದ ಲಾವಾವನ್ನೇ ಉಗುಳುತ್ತದೆ. ಈಗ ಜೀವಂತವಾಗಿರುವ ಜ್ವಾಲಾಮುಖಿಗಳಲ್ಲಿ ಅಂಥದ್ದು ಭೂಮಿಯ ಮೇಲೆ ಅದೊಂದೇ. ಮಾಸಾಯ್ ಭಾಷೆಯಲ್ಲಿ ಆ ಹೆಸರಿಗೆ ದೇವರ ಬೆಟ್ಟ ಎಂದರ್ಥ.

ಮೀನು ಇರುವುದು ಈ ಸೋಡಾ ಹಾಸಿನ ಅಂಚಿನಲ್ಲಿ, ಬುಗ್ಗೆಗಳು ಬಂದು ಸೇರುವ ಸಣ್ಣ ಸಣ್ಣ ಹೊಂಡಗಳಲ್ಲಿ. ಕೆಲವು ಬುಗ್ಗೆಗಳ ಬಿಸಿ 80 ಡಿಗ್ರಿ ದಾಟುತ್ತದೆ, ಅಲ್ಲಿ ಮೀನಿಲ್ಲ. 40 ಡಿಗ್ರಿ ಆಸುಪಾಸಿಗೆ ಇಳಿದ ಕಡೆ ಇದೆ. ನೀರಿನ ಪಿಎಚ್ ಸುಮಾರು 10. ಮೊದಲ ವರ್ಷ ಕೆಮಿಸ್ಟ್ರಿ ಸೈಕಲ್‌ನಲ್ಲಿ ಬ್ಯುರೆಟ್ ಹಿಡಿದವರಿಗೆ ಗೊತ್ತು, ಪಿಎಚ್ ಒಂದು ಅಂಕಿ ಏರಿದರೆ ಹೈಡ್ರೋಜನ್ ಅಯಾನುಗಳು ಹತ್ತುಪಟ್ಟು ಇಳಿಯುತ್ತವೆ. ಶುದ್ಧ ನೀರಿನ 7ಕ್ಕೆ ಹೋಲಿಸಿದರೆ ಇಲ್ಲಿ ಅವು ಸಾವಿರದ ಒಂದು ಪಾಲು. ಸಾಬೂನು ನೀರಿನಲ್ಲಿ ಸಂಸಾರ ಅಂದುಕೊಳ್ಳಿ.

ಇಲ್ಲಿಂದ ಮುಂದಿನದು ನನಗೆ ಬಹಳ ಇಷ್ಟವಾದ ಭಾಗ, ಸ್ವಲ್ಪ ಉದ್ದವಾದರೂ ಹೇಳಿಬಿಡುತ್ತೇನೆ.

ತಿಂದ ಪ್ರೋಟೀನ್ ಒಡೆದಾಗ ಪ್ರತಿ ಪ್ರಾಣಿಯ ಮೈಯಲ್ಲೂ ಅಮೋನಿಯಾ ಹುಟ್ಟುತ್ತದೆ. ಅದು ವಿಷ, ಹೊರಹಾಕಲೇಬೇಕು. ಮೀನುಗಳಿಗೆ ಇದು ಪುಕ್ಕಟೆ ಕೆಲಸ. ಕಿವಿರಿನ ಮೂಲಕ ಅಮೋನಿಯಾ ತಾನಾಗಿ ನೀರಿಗೆ ಸೋರುತ್ತದೆ, ಅಲ್ಲಿ ಹೈಡ್ರೋಜನ್ ಅಯಾನು ಹಿಡಿದು ಅಮೋನಿಯಂ ಆಗುತ್ತದೆ. ಅಮೋನಿಯಂಗೆ ಸುಲಭವಾಗಿ ವಾಪಸ್ ಬರಲಾಗದು. ಹೀಗಾಗಿ ಹೊರಗೆ ಅಮೋನಿಯಾ ಯಾವಾಗಲೂ ಕಡಿಮೆ, ಒಳಗೆ ಯಾವಾಗಲೂ ಹೆಚ್ಚು, ಇಳಿಜಾರಿನಲ್ಲಿ ನೀರು ಹರಿದಂತೆ ಕೆಲಸ ಸಾಗುತ್ತದೆ. ಮಗಾಡಿಯಲ್ಲಿ ಆ ಇಳಿಜಾರೇ ಇಲ್ಲ. ಹಿಡಿದುಕೊಳ್ಳಲು ಹೈಡ್ರೋಜನ್ ಅಯಾನುಗಳು ಸಿಗದೆ ಹೊರಬಂದ ಅಮೋನಿಯಾ ಅಮೋನಿಯಾ ಆಗಿಯೇ ಬಾಗಿಲಲ್ಲಿ ನಿಂತಿರುತ್ತದೆ. ಮಾಮೂಲಿ ಮೀನನ್ನು ಇಲ್ಲಿ ಬಿಟ್ಟರೆ ತನ್ನದೇ ಕಸದಿಂದ ಸಾಯುತ್ತದೆ.

ಮಗಾಡಿಯ ಮೀನು ಅಮೋನಿಯಾವನ್ನು ಯೂರಿಯಾ ಮಾಡಿ ಹೊರಹಾಕುತ್ತದೆ. ನಮ್ಮಪ್ಪ ಭತ್ತದ ಗದ್ದೆಗೆ ಎರಚುವುದು ಇದೇ ಅಣುವನ್ನು. ನಾವು ಮನುಷ್ಯರು ಮೂತ್ರದಲ್ಲಿ ಬಿಡುವುದೂ ಇದನ್ನೇ. ಆದರೆ ನೀರಲ್ಲಿ ಬದುಕುವ ಮೂಳೆಮೀನೊಂದು ತನ್ನ ಸಾರಜನಕದ ಕಸವನ್ನು ಬಹುತೇಕ ಪೂರ್ತಿಯಾಗಿ ಯೂರಿಯಾ ಮಾಡುವುದು ಅಪರೂಪದಲ್ಲಿ ಅಪರೂಪ. 1989ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದರ ವರದಿ ಬಂತು. ಆಮೇಲೆ ತಿಳಿದದ್ದು ಇನ್ನೂ ಸ್ವಾರಸ್ಯ. ಯೂರಿಯಾ ತಯಾರಿಯ ಕಿಣ್ವಗಳು ನಮ್ಮಲ್ಲಿರುವಂತೆ ಯಕೃತ್ತಿನಲ್ಲಿ ಮಾತ್ರ ಅಲ್ಲ, ಈ ಮೀನಿನ ಮಾಂಸಖಂಡದಲ್ಲೂ ಇವೆ. ಅಂದರೆ ಇಡೀ ಮೈಯೇ ಗೊಬ್ಬರದ ಕಾರ್ಖಾನೆ.

ಅಷ್ಟಕ್ಕೇ ಮುಗಿಯಲಿಲ್ಲ. ಉಪ್ಪು ಹೆಚ್ಚಿರುವ ನೀರಲ್ಲಿರುವ ಮೀನು ನೀರು ಕುಡಿಯಲೇಬೇಕು. ಕುಡಿದರೆ ಸೋಡಾ ಹೊಟ್ಟೆಗೆ ಹೋಗಿ ಅಲ್ಲಿನ ಆಮ್ಲವನ್ನು ಕೊಂದುಹಾಕುತ್ತದೆ, ಆಮೇಲೆ ಪಾಚಿ ಅರಗಿಸುವುದು ಯಾರು? ಇದಕ್ಕೆ ಮೀನಿನೊಳಗೆ ಒಂದು ಬೈಪಾಸ್ ರಸ್ತೆ ಇದೆ. ಅನ್ನನಾಳ, ಜಠರ, ಕರುಳು ಮೂರೂ ಒಂದೇ ಜಂಕ್ಷನ್‌ನಲ್ಲಿ ಸೇರುತ್ತವೆ. ಕುಡಿದ ನೀರು ಜಠರಕ್ಕೆ ಹೋಗದೆ ನೇರ ಕರುಳಿಗೆ ಹೋಗಬಹುದು, ಊಟ ಮಾತ್ರ ಜಠರಕ್ಕೆ. ಹೈವೇ ಎಂಜಿನಿಯರಿಂಗ್ ಪಾಠದಲ್ಲಿ ಇಂಟರ್‌ಚೇಂಜ್‌ಗಳ ಚಿತ್ರ ಬಿಡಿಸಿ ಬಿಡಿಸಿ ಸುಸ್ತಾದ ನನ್ನಂಥ ಸಿವಿಲ್ ವಿದ್ಯಾರ್ಥಿಗೆ ಇದನ್ನು ಓದಿದಾಗ ಮೀನಿನ ಮೇಲೆ ಗೌರವ ಬಂತು.

ರಾತ್ರಿಯ ಪಾಡು ಬೇರೆ. ಹಗಲು ಪಾಚಿ ಆಮ್ಲಜನಕ ಉಕ್ಕಿಸುತ್ತದೆ, ರಾತ್ರಿ ಅದೇ ಪಾಚಿ ಇದ್ದದ್ದನ್ನೂ ಹೀರಿಬಿಡುತ್ತದೆ. ಆಗ ಮೀನು ನೀರಿನ ಮೇಲಕ್ಕೆ ಬಂದು ಗಾಳಿಯನ್ನೇ ಗುಟುಕರಿಸುತ್ತದೆ, ಈಜುಚೀಲ ಶ್ವಾಸಕೋಶದ ಕೆಲಸ ಮಾಡುತ್ತದೆ. ಇದರ ನಡುವೆ ತಾಯಿ ಮೀನು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ.

ಇಷ್ಟು ಓದಿದವರು ‘ನೋಡಿದ್ಯಾ, ಇದೇ ಅಲ್ವಾ ಅಡಾಪ್ಟ್ ಆಗೋದು ಅಂದ್ರೆ’ ಅನ್ನಬಹುದು. ಹೌದು, ಇದೇ. ಆದರೆ ಬಿಲ್ ನೋಡಿ. ಅಮೋನಿಯಾ ಹೊರಹಾಕಲು ಬೇರೆ ಮೀನುಗಳಿಗೆ ಖರ್ಚಿಲ್ಲ. ಯೂರಿಯಾ ಮಾಡಲು ಪ್ರತಿ ಅಣುವಿಗೂ ಶಕ್ತಿ ಸುರಿಯಬೇಕು. ಬಿಸಿನೀರು ಬೇರೆ. 2016ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಅತಿ ಬಿಸಿಯ ಹೊಂಡಗಳಲ್ಲಿರುವ ಈ ಮೀನು ಸುಮ್ಮನಿದ್ದಾಗಲೂ ಉರಿಸುವ ಶಕ್ತಿ ಅಷ್ಟೇ ಗಾತ್ರದ ಸಸ್ತನಿಯ ಮಟ್ಟದ್ದು. ಮೀನಿಗೆ ಇಲಿಯ ಖರ್ಚು! ಆ ಖರ್ಚು ತೂಗಿಸಲು ಅದು ಪಾಚಿ ಹೆರೆದು ತಿನ್ನುತ್ತಲೇ ಇರಬೇಕು. ಓದುತ್ತಾ ಪಾರ್ಟ್‌ಟೈಮ್ ಡೆಲಿವರಿ ಮಾಡುವ ನನ್ನ ರೂಮ್‌ಮೇಟ್ ಇದನ್ನು ಕೇಳಿ, ‘ಮಗಾ, ಅದು ಮೀನಲ್ಲ, ನಾನೇ’ ಅಂದ.

ಇನ್ನೊಂದು ಸಂಗತಿಯನ್ನು ಭಾಷಣಕಾರರು ಖಂಡಿತ ಹೇಳುವುದಿಲ್ಲ. ವಿಜ್ಞಾನಿಗಳು ಈ ಮೀನುಗಳನ್ನು ನಿಧಾನವಾಗಿ ತೆಳು ನೀರಿಗೆ ಒಗ್ಗಿಸಿ ನೋಡಿದರು. ಸೋಡಾ ಕಡಿಮೆಯಾಗಿದೆ, ಈಗ ಅಮೋನಿಯಾವನ್ನು ಪುಕ್ಕಟೆ ಬಿಡಬಹುದು. ಆದರೂ ಅದು ಬಹುತೇಕ ಯೂರಿಯಾ ಮಾಡುವುದನ್ನೇ ಮುಂದುವರಿಸಿತು. ಅಂದರೆ ಈ ಹೊಂದಾಣಿಕೆಯಲ್ಲಿ ಹಿಂದಕ್ಕೆ ಬರುವ ದಾರಿ ಮುಚ್ಚಿದೆ. ಒಂದು ನೀರಿಗೆ ಪೂರ್ತಿ ಒಗ್ಗಿದವನು ಬೇರೆ ನೀರಿಗೆ ಹೋದರೂ ಹಳೆಯ ಖರ್ಚನ್ನೇ ಹೊರುತ್ತಾನೆ. ಹತ್ತು ವರ್ಷ ನೈಟ್ ಶಿಫ್ಟ್ ಮಾಡಿ ಬಿಟ್ಟ ನಮ್ಮ ಅತ್ತೆ ಮಗನಿಗೆ ಈಗಲೂ ಬೆಳಗಿನ ಜಾವ ನಾಲ್ಕರ ತನಕ ನಿದ್ದೆ ಬರುವುದಿಲ್ಲ.

ಕಾಲದ ಲೆಕ್ಕವನ್ನೂ ನೋಡಬೇಕು. ಮಗಾಡಿ, ನೇಟ್ರಾನ್ ಎರಡೂ ಹಿಂದೆ ಒಂದೇ ದೊಡ್ಡ ಸರೋವರವಾಗಿದ್ದವು. ಅಂದಿನ ನೀರು ಇಂದಿನಷ್ಟು ಕಟುವಾಗಿರಲಿಲ್ಲ. ಸುಮಾರು 10 ಸಾವಿರ ವರ್ಷಗಳಿಂದೀಚೆಗೆ ಅದು ಬತ್ತುತ್ತಾ ಎರಡಾಯಿತು. ಈ ಅವಧಿಯಲ್ಲಿ ಮೀನುಗಳೂ ಬೇರೆಬೇರೆಯಾದವು. ನೇಟ್ರಾನ್‌ನಲ್ಲಂತೂ ಕೆಲವದರ ಬಾಯಿ ಮುಂದಕ್ಕೆ, ಕೆಲವದರದು ಕೆಳಕ್ಕೆ ತಿರುಗಿ, ಒಂದೇ ಹೊಂಡದಲ್ಲಿ ಊಟ ಹಂಚಿಕೊಂಡು ಬದುಕುತ್ತವೆ. ಜೀವವಿಕಾಸದ ಲೆಕ್ಕದಲ್ಲಿ 10 ಸಾವಿರ ವರ್ಷ ಎಂದರೆ ಮಿಂಚಿನ ವೇಗ, ವಿಜ್ಞಾನಿಗಳು ಬೆರಗಾಗುವುದು ಅದಕ್ಕೇ. ನಮಗೆ ಕೊಡುವ ಗಡುವು ಆರನೇ ಸೆಮಿಸ್ಟರ್ ಮುಗಿಯುವುದರೊಳಗೆ. ಮೇಲಾಗಿ ಆ 10 ಸಾವಿರ ವರ್ಷಗಳಲ್ಲಿ ಹೊಂದಿಕೊಳ್ಳದ ಮೀನುಗಳು ಎಷ್ಟು ಕೋಟಿ ಸತ್ತವೋ. ವಿಕಾಸ ಎಂದರೆ ಬದುಕಿದವರ ಪಟ್ಟಿ. ಸ್ಲೈಡ್‌ಗೆ ಬರುವುದೂ ಆ ಪಟ್ಟಿಯೇ.

ಹಾಗಾದರೆ ನೀನು ಹೇಳುವುದೇನು, ಹೊಸತು ಕಲಿಯುವುದೇ ಬೇಡವೇ ಎಂದು ಕೇಳಬಹುದು. ಹಾಗಲ್ಲ. ನಾನೂ ಕಲಿಯುತ್ತಿದ್ದೇನೆ. ಸಿವಿಲ್ ಓದುವವನಾದರೂ ‘ಕೋರ್ ಕಂಪನಿ ಬರಲ್ಲ, ಕೋಡಿಂಗ್ ಕಲಿ’ ಎಂಬ ಮಾತು ಕೇಳಿ ಸಂಜೆ ಹೊತ್ತು ಪೈಥಾನ್ ಅಭ್ಯಾಸ ಮಾಡುತ್ತೇನೆ. ಮನೆಯಲ್ಲಿ ಶಿಕ್ಷಣ ಸಾಲದ ಪಾಸ್‌ಬುಕ್ ಇರುವವರು ‘ನಾನು ನನ್ನ ನೀರಲ್ಲೇ ಇರುತ್ತೇನೆ’ ಎಂದು ಹಟ ಹಿಡಿಯಲು ಆಗುವುದಿಲ್ಲ, ಅದು ನನಗೆ ಗೊತ್ತು. ನನ್ನ ತಕರಾರು ಬೇರೆ. ‘ಹೊಂದಿಕೋ’ ಎನ್ನುವ ಮಾತು ನೀರಿನ ಕಡೆ ಯಾರೂ ನೋಡದಂತೆ ಮಾಡುತ್ತದೆ. ನೀರು ಹೀಗೆ ಯಾಕಿದೆ, ಇದನ್ನು ಹೀಗೆ ಮಾಡಿದವರು ಯಾರು, ಬೇರೆ ರೀತಿ ಇರಬಹುದಿತ್ತೇ ಎಂಬ ಪ್ರಶ್ನೆಗಳು ಅಲ್ಲಿಗೇ ನಿಂತುಬಿಡುತ್ತವೆ. ಆರು ತಿಂಗಳು ಸಂಬಳವಿಲ್ಲದ ಇಂಟರ್ನ್‌ಶಿಪ್, ಎರಡು ವರ್ಷದ ಬಾಂಡ್, ಮೂಲ ಅಂಕಪಟ್ಟಿ ಇಟ್ಟುಕೊಳ್ಳುವುದು, ಆಫರ್ ಲೆಟರ್ ಕೊಟ್ಟು ವರ್ಷವಾದರೂ ಕರೆಯದೆ ಕೂರಿಸುವುದು ಇವೆಲ್ಲ ಜ್ವಾಲಾಮುಖಿ ಉಗುಳಿದ ಸೋಡಾ ಅಲ್ಲ. ಮನುಷ್ಯರು ಕೂತು ಮಾಡಿದ ತೀರ್ಮಾನಗಳು.

ಮೀನಿನ ನೀರಿಗೂ ಮನುಷ್ಯರ ತೀರ್ಮಾನ ಬಂದು ತಲುಪಿದ ಕಥೆ ಇದೆ, ಅದರಲ್ಲಿ ನಮ್ಮ ದೇಶದ ಕಂಪನಿಯ ಪಾತ್ರವೂ ಇದೆ. ಮಗಾಡಿಯ ಟ್ರೋನಾವನ್ನು ಕೆತ್ತಿ ಸೋಡಾ ಆ್ಯಶ್ ಮಾಡುವ ಕಂಪನಿ ಹುಟ್ಟಿದ್ದು 1911ರಲ್ಲಿ. ಅದಕ್ಕಾಗಿಯೇ ಅಲ್ಲಿಗೆ ರೈಲು ಮಾರ್ಗ ಹಾಕಿದರು. 2005ರ ಕೊನೆಯಲ್ಲಿ ಬ್ರಿಟನ್ನಿನ ಬ್ರನ್ನರ್ ಮಾಂಡ್ ಕಂಪನಿಯನ್ನು ಟಾಟಾ ಕೆಮಿಕಲ್ಸ್ ಕೊಂಡಾಗ, ಅದರ ಕೈಯಲ್ಲಿದ್ದ ಮಗಾಡಿಯೂ ಟಾಟಾ ಪಾಲಾಯಿತು. ಸೋಡಾ ಆ್ಯಶ್ ಇಲ್ಲದೆ ಗಾಜಿಲ್ಲ, ಬಟ್ಟೆ ಪುಡಿಯಿಲ್ಲ. ಬ್ಯಾಟರಿಗೆ ಬೇಕಾದ ಲಿಥಿಯಂ ಕಾರ್ಬೊನೇಟ್ ತಯಾರಿಯಲ್ಲೂ ಅದು ಬೇಕು. ಹಾಗಾಗಿ ನಾನು ಸೋಡಾ ಆ್ಯಶ್ ವಿರೋಧಿ ಎಂದು ಘೋಷಿಸಿದರೆ ಮೊಬೈಲ್ ಗಾಜಿನ ಮೇಲೆ ಬೆರಳಿಟ್ಟು ಘೋಷಿಸಬೇಕಾಗುತ್ತದೆ.

ಕೊಂಡ ನಂತರದ ವರ್ಷಗಳಲ್ಲಿ ಗಡಿಯಾಚೆಯ ನೇಟ್ರಾನ್ ಮೇಲೆ ಯೋಜನೆ ಬಂತು. ತಾಂಜಾನಿಯಾದ ರಾಷ್ಟ್ರೀಯ ಅಭಿವೃದ್ಧಿ ನಿಗಮದ ಜೊತೆ ಸೇರಿ ವರ್ಷಕ್ಕೆ 5 ಲಕ್ಷ ಟನ್ ಸೋಡಾ ಆ್ಯಶ್ ತೆಗೆಯುವ ಕಾರ್ಖಾನೆ. ಪೈಪುಗಳಲ್ಲಿ ಸರೋವರದ ಉಪ್ಪುನೀರು ಎಳೆಯುವುದು, ರಸ್ತೆ, ಕೆಲಸಗಾರರ ವಸತಿ, ಇದಕ್ಕೆಲ್ಲ ಸಿಹಿನೀರು ಬೇರೆ. ಬಡ ದೇಶ, ಬರುವ ಆದಾಯ ಸಣ್ಣದಲ್ಲ. ಅಲ್ಲಿನ ನಮ್ಮ ವಯಸ್ಸಿನವರಿಗೆ ಉದ್ಯೋಗದ ಮಾತು. ಇದನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಆದರೆ ಪೂರ್ವ ಆಫ್ರಿಕಾದ ಕಿರು ರಾಜಹಂಸಗಳು, ಗುಲಾಬಿ ಫ್ಲೆಮಿಂಗೋಗಳು, ನೆಚ್ಚಿಕೊಂಡು ಮರಿ ಮಾಡುವ ಜಾಗ ನೇಟ್ರಾನ್ ಒಂದೇ. 2001ರಲ್ಲೇ ಅದನ್ನು ರಾಮ್ಸಾರ್ ತಾಣವೆಂದು ಗುರುತಿಸಲಾಗಿತ್ತು. ಪಕ್ಷಿಪ್ರಿಯ ಸಂಘಟನೆಗಳು ಜಗತ್ತಿನಾದ್ಯಂತ ಕೂಗೆಬ್ಬಿಸಿದವು. ಪರಿಸರ ಪರಿಣಾಮ ವರದಿ ಸಾಲದು ಎಂಬ ಟೀಕೆ ಬಂತು. 2008ರಲ್ಲಿ ಟಾಟಾ ಆ ಯೋಜನೆಯಿಂದ ಹಿಂದೆ ಸರಿಯಿತು. ಮುಂದೆ ಅಲ್ಲಿನ ಸರ್ಕಾರ ವಿಷಯವನ್ನು ಮತ್ತೆ ಎತ್ತಿತ್ತು. ಆಮೇಲೆ ಗಮನ ದಕ್ಷಿಣದ ಎಂಗಾರುಕ ಕಣಿವೆಯ ಸೋಡಾ ನಿಕ್ಷೇಪದ ಕಡೆ ತಿರುಗಿತು.

ಈ ಕಥೆಯಲ್ಲಿ ನನ್ನನ್ನು ಕಾಡುವುದು ಒಂದೇ ವಿಷಯ: ಉಳಿಸಿದ್ದು ಫ್ಲೆಮಿಂಗೋ. ಪೋಸ್ಟರ್‌ನಲ್ಲಿದ್ದದ್ದು ಅದು, ಗುಲಾಬಿ ಬಣ್ಣದ್ದು, ಒಂಟಿ ಕಾಲಲ್ಲಿ ನಿಲ್ಲುವುದು. ಅದೇ ಸರೋವರದಲ್ಲಿ ಮಾತ್ರ ಹುಟ್ಟಿ, ಬೇರೆಲ್ಲಿಗೂ ಹಾರಿಹೋಗಲಾರದ ಮೂರು ಜಾತಿಯ ಮೀನುಗಳು ಪಕ್ಷಿಯ ಕಾಲಡಿಯಲ್ಲಿ ಪುಕ್ಕಟೆ ಉಳಿದುಕೊಂಡವು. ಅವುಗಳಲ್ಲಿ ಎರಡಕ್ಕೆ ವಿಜ್ಞಾನ ಹೆಸರಿಟ್ಟದ್ದೇ 1999ರಲ್ಲಿ. ಅದಕ್ಕಿಂತ ಹತ್ತು ವರ್ಷ ಮೊದಲೇ ಕಾರ್ಖಾನೆ ಬಂದಿದ್ದರೆ ಹೆಸರೂ ಇಲ್ಲದ ಮೀನುಗಳ ಬಗ್ಗೆ ವರದಿಯಲ್ಲಿ ಒಂದು ಸಾಲು ಬರೆಯಲೂ ಆಗುತ್ತಿರಲಿಲ್ಲ. ಫ್ಲೆಮಿಂಗೋ ಇಲ್ಲದ ಕೆರೆಗಳಲ್ಲಿ ಏನಾಗುತ್ತದೆ?

ಇನ್ನೊಂದು ಬದಿಯನ್ನೂ ಹೇಳಬೇಕು, ಇಲ್ಲದಿದ್ದರೆ ಅರ್ಧ ಸತ್ಯವಾಗುತ್ತದೆ. ಮಗಾಡಿಯಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಕಾರ್ಖಾನೆ ಇದೆ, ಅಂಚಿನ ಹೊಂಡಗಳಲ್ಲಿ ಮೀನೂ ಇದೆ. ಬಾಗಿಲಿಗೆ ಕಾರ್ಖಾನೆ ಬಂದ ದಿನವೇ ಮೀನು ಸಾಯುತ್ತದೆ ಎಂದೇನಿಲ್ಲ. ಇನ್ನು, ಸೋಡಾ ಆ್ಯಶ್ ಅನ್ನು ನೆಲದಿಂದ ತೆಗೆಯದಿದ್ದರೆ ಉಪ್ಪು, ಸುಣ್ಣಕಲ್ಲು ಬಳಸಿ ಸಾಲ್ವೇ ವಿಧಾನದಲ್ಲಿ ತಯಾರಿಸಬೇಕು. ಗುಜರಾತಿನ ಮಿಠಾಪುರದಲ್ಲಿ ಮಾಡುವುದು ಹಾಗೆಯೇ. ಅದಕ್ಕೆ ಇಂಧನ ಹೆಚ್ಚು ಬೇಕು, ಹೊಗೆಯೂ ಹೆಚ್ಚು. (ಸಾಲ್ವೇ ವಿಧಾನದ ಜಾಣ್ಮೆಯೆಲ್ಲ ಇರುವುದು ಅಮೋನಿಯಾವನ್ನು ಹೊರಬಿಡದೆ ಮತ್ತೆ ಮತ್ತೆ ಬಳಸುವುದರಲ್ಲಿ. ಮೀನಿಗೆ ತಲೆನೋವಾದದ್ದೇ ಅಲ್ಲಿ ಬಂಡವಾಳ!) ಆದ್ದರಿಂದ ಪ್ರಶ್ನೆ ‘ಬೇಕೋ ಬೇಡವೋ’ ಎಂಬಷ್ಟು ಸಲೀಸಲ್ಲ. ಎಲ್ಲಿ, ಎಷ್ಟು, ಯಾವ ಬುಗ್ಗೆಯನ್ನು ಮುಟ್ಟದೆ, ಯಾರನ್ನು ಕೇಳಿ ಎಂಬುದು ಪ್ರಶ್ನೆ. ಅವು ಎಂಜಿನಿಯರ್ ಕೇಳಬೇಕಾದ ಪ್ರಶ್ನೆಗಳು, ಕೇಳಲು ನಮಗೆ ಯಾರೂ ಕಲಿಸುತ್ತಿಲ್ಲ.

ನಮ್ಮ ಪಠ್ಯದಲ್ಲಿ ಪರಿಸರದ ವಿಷಯ ಇಲ್ಲವೆಂದಲ್ಲ, ಇದೆ. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾಗುವ ವಿಷಯ. ಎಸ್ಟಿಮೇಷನ್ ತರಗತಿಯಲ್ಲಿ ಮಣ್ಣು ಅಗೆಯುವುದಕ್ಕೆ ಘನಮೀಟರ್‌ಗೆ ಎಷ್ಟು, ಕಬ್ಬಿಣಕ್ಕೆ ಟನ್‌ಗೆ ಎಷ್ಟು ಎಂದು ಸಾಲು ಸಾಲಾಗಿ ಬರೆಯುತ್ತೇವೆ. ಆ ಹಾಳೆಯಲ್ಲಿ ಬೆರಳುದ್ದದ ಮೀನಿಗೆ ಕಾಲಂ ಇಲ್ಲ. ನಮ್ಮ ದೇಶದ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ವಿಚಾರಣೆ ನಡೆಯಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಅಂದರೆ ಕನ್ನಡದಲ್ಲಿ ಅಂಥ ಸಾರಾಂಶಗಳಿವೆ. ನನ್ನ ತರಗತಿಯ ಅರವತ್ತು ಜನರಲ್ಲಿ ಒಂದನ್ನಾದರೂ ಓದಿದವರು ಎಷ್ಟು ಎಂದು ಕೇಳಿ ನೋಡಿದೆ. ಒಬ್ಬಳು, ಅದೂ ಅವಳ ಊರಿನ ಜಮೀನು ಯೋಜನೆಯೊಳಗೆ ಬಂದಿತ್ತು ಎಂಬ ಕಾರಣಕ್ಕೆ. ಒಂದು ಸೆಮಿಸ್ಟರ್‌ನಲ್ಲಿ ಒಂದೇ ಒಂದು ವರದಿಯನ್ನು ತರಗತಿಯಲ್ಲಿ ಇಟ್ಟುಕೊಂಡು ಸಾಲು ಸಾಲಾಗಿ ಬಿಡಿಸಿ ಓದಿಸಿದರೆ ಮೂರು ಯೂನಿಟ್‌ನ ನೋಟ್ಸ್‌ಗಿಂತ ಹೆಚ್ಚು ಕಲಿಯುತ್ತೇವೆ ಎಂದು ನನ್ನ ನಂಬಿಕೆ. ಉದ್ಯೋಗದ ದೃಷ್ಟಿಯಿಂದಲೂ ಹೇಳುತ್ತೇನೆ: ಇಂಥ ವರದಿ ತಯಾರಿಸುವ ಸಲಹಾ ಸಂಸ್ಥೆಗಳಿಗೆ ನೀರು, ಗಾಳಿ, ಮಣ್ಣು, ಜೀವಿಗಳನ್ನು ಬಲ್ಲವರು ಬೇಕು. ಸಿವಿಲ್ ಮುಗಿಸಿ ಬರೀ ಪೈಥಾನ್ ಕಡೆ ಓಡುವವರಿಗೆ ಈ ಬಾಗಿಲೂ ಇದೆ ಎಂದು ಯಾವ ತರಬೇತಿಯಲ್ಲೂ ಹೇಳಲಿಲ್ಲ.

‘ಅದಿರಲಿ, ಆ ಮೀನಿನಿಂದ ಯಾರಿಗೇನು ಉಪಯೋಗ?’ ಮನೆಯಲ್ಲಿ ಈ ವಿಷಯ ತೆಗೆದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ ಇದು. ಉತ್ತರ ಕೊಡಬಹುದು. 1950–60ರ ದಶಕಗಳಲ್ಲಿ ಈ ಮೀನನ್ನು ಮಗಾಡಿಯಿಂದ ಕೆನ್ಯಾದ ಇನ್ನೊಂದು ಸೋಡಾ ಸರೋವರ ನಕುರುಗೆ ಒಯ್ದು ಬಿಟ್ಟರು, ಸೊಳ್ಳೆ ಮರಿಗಳನ್ನು ತಿನ್ನಲಿ ಎಂದು. ಮೀನು ಅಲ್ಲಿ ಚೆನ್ನಾಗಿ ಹೆಚ್ಚಿತು. ಅದನ್ನು ತಿನ್ನಲು ಬಿಳಿ ಪೆಲಿಕನ್‌ಗಳು ಸಾವಿರಗಟ್ಟಲೆ ಬಂದವು, ಹತ್ತಿರದ ಎಲ್ಮೆಂಟೈಟಾದಲ್ಲಿ ಗೂಡು ಕಟ್ಟಿದವು. ನೇಮಕವಾದದ್ದು ಸೊಳ್ಳೆ ಇಲಾಖೆಗೆ, ಹೆಸರು ಮಾಡಿದ್ದು ಪಕ್ಷಿ ಪ್ರವಾಸೋದ್ಯಮದಲ್ಲಿ! ಮೈಯಲ್ಲಿ ಅಮೋನಿಯಾ ಹೆಚ್ಚಿದಾಗ ಏನಾಗುತ್ತದೆ, ಬಿಸಿಯಾಗುತ್ತಿರುವ ಭೂಮಿಯಲ್ಲಿ ಮೀನುಗಳು ಎಲ್ಲಿಯವರೆಗೆ ತಾಳಿಕೊಳ್ಳಬಲ್ಲವು ಎಂಬ ಅಧ್ಯಯನಕ್ಕೂ ಇದು ಬೇಕು. ಅಪ್ಪನಿಗೆ ಇದನ್ನೆಲ್ಲ ಹೇಳಿದೆ, ಅವರು ತಲೆಯಾಡಿಸಿದರು.

ಆದರೆ ಆ ಪ್ರಶ್ನೆಗೆ ಉತ್ತರ ಕೊಡುತ್ತಾ ಹೋಗುವುದು ನನಗೆ ಅಷ್ಟು ಹಿಡಿಸುವುದಿಲ್ಲ. ಏಕೆಂದರೆ ಅದೇ ಪ್ರಶ್ನೆಯನ್ನು ನಮಗೂ ಕೇಳುತ್ತಾರೆ. ಕನ್ನಡ ಎಂಎ ಓದುವ ಗೆಳತಿಗೆ, ಸಸ್ಯಶಾಸ್ತ್ರ ಬಿಎಸ್ಸಿ ಮಾಡುವ ತಂಗಿಗೆ, ಕೆಎಎಸ್‌ಗೆ ಮೂರನೇ ಸಲ ಕೂತ ಅಣ್ಣನಿಗೆ. ‘ಏನು ಉಪಯೋಗ?’ ಪೆಲಿಕನ್ ಬಂದ ಮೇಲಷ್ಟೇ ಮೀನಿಗೆ ಬೆಲೆ, ಪ್ಯಾಕೇಜ್ ಬಂದ ಮೇಲಷ್ಟೇ ಹುಡುಗನಿಗೆ ಬೆಲೆ. ಈ ನಾಲ್ಕು ಮೀನುಗಳೂ ಇಂದು ಅಳಿವಿನ ಭೀತಿಯ ಕೆಂಪುಪಟ್ಟಿಯಲ್ಲಿವೆ. ಕಾರಣ ಅವು ಹೊಂದಿಕೊಳ್ಳಲಿಲ್ಲ ಎಂದಲ್ಲ, ಅವುಗಳಷ್ಟು ಹೊಂದಿಕೊಂಡವರು ಯಾರಿದ್ದಾರೆ? ಅವು ಇರುವ ಜಾಗ ಅಷ್ಟು ಚಿಕ್ಕದು. ಬುಗ್ಗೆಯ ನೀರು ಒಂದಿಷ್ಟು ಬೇರೆ ಕಡೆ ತಿರುಗಿದರೆ ಯೂರಿಯಾ ಕಾರ್ಖಾನೆ, ಬೈಪಾಸ್ ರಸ್ತೆ ಯಾವುದೂ ಕೆಲಸಕ್ಕೆ ಬರುವುದಿಲ್ಲ.

ಸಂದರ್ಶನದ ಕೊನೆಯಲ್ಲಿ ‘ನೀವು ಏನಾದರೂ ಕೇಳುವುದಿದೆಯೇ’ ಎನ್ನುತ್ತಾರೆ. ಹೆಚ್ಚಿನವರು ‘ಇಲ್ಲ ಸರ್’ ಎಂದು ಎದ್ದು ಬರುತ್ತೇವೆ. ಹಾಗೇ ಮಾಡಿ ಎಂದು ಹೇಳಿಕೊಡುವವರೂ ಇದ್ದಾರೆ. ಮುಂದಿನ ತಿಂಗಳು ನಮ್ಮ ಕ್ಯಾಂಪಸ್‌ಗೆ ಮೊದಲ ಕಂಪನಿ ಬರುತ್ತಿದೆ. ನಾವು ನಾಲ್ವರು ಸೇರಿ ಮೂರು ಪ್ರಶ್ನೆ ಬರೆದಿಟ್ಟುಕೊಂಡಿದ್ದೇವೆ: ಕಳೆದ ವರ್ಷ ಇದೇ ಕಾಲೇಜಿನಿಂದ ತೆಗೆದುಕೊಂಡವರಲ್ಲಿ ಈಗ ಎಷ್ಟು ಜನ ಕೆಲಸದಲ್ಲಿದ್ದಾರೆ, ಆಫರ್ ಕೊಟ್ಟ ಎಷ್ಟು ದಿನಕ್ಕೆ ಸೇರಿಸಿಕೊಂಡಿರಿ, ಬಾಂಡ್ ಮುರಿದವರಿಂದ ಎಷ್ಟು ಹಣ ಕೇಳಿದಿರಿ. ಮೊದಲು ಒಳಗೆ ಹೋಗುವವರು ಮೊದಲ ಪ್ರಶ್ನೆ ಕೇಳುವುದೆಂದು ಮಾತಾಗಿದೆ. ರೋಲ್ ನಂಬರ್ ಪ್ರಕಾರ ಕರೆದರೆ ಅದು ನಾನೇ.